ಬಾಸ್ ಮೀನಿನ ಲೇಖನ ಕಳಿಸಿದವರಿಗೆ

ನಮಸ್ಕಾರ.

ನೀವು ಕಳಿಸಿದ ‘ಬಾಸ್ ಹಿಡಿಯುವವರಿಗೆ 12 ಸೂತ್ರಗಳು’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಹೊರಗೆ ತರಲು ಏನು ಮಾಡಬೇಕು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಓದುಗರು ಯಾರು ಅಂತ ನೀವೇ ಮೊದಲ ಸಾಲಿನಲ್ಲಿ ಹೇಳಿದ್ದೀರಿ. ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡಿಗರು. ಗಾಳದ ರಾಡ್ ಹಿಡಿಯೋಕೆ ಶುರುಮಾಡಿ ಒಂದೆರಡು ವರ್ಷ ಆದವರು. ಆಗೊಮ್ಮೆ ಈಗೊಮ್ಮೆ ಮೀನು ಸಿಗುತ್ತದೆ, ಯಾಕೆ ಸಿಕ್ಕಿತು, ಯಾಕೆ ಸಿಗಲಿಲ್ಲ ಅಂತ ಗೊತ್ತಾಗುವುದಿಲ್ಲ. ಅಂಥವರಿಗೆ ನಿಮ್ಮ 12 ಸೂತ್ರಗಳಲ್ಲಿ 9 ಸೂತ್ರಗಳು ಏನು ಕೊಳ್ಳಬೇಕು ಅಂತ ಹೇಳುತ್ತವೆ. 7 ಅಡಿಯ ಮೀಡಿಯಂ ಹೆವಿ ರಾಡ್, 7.1:1 ಗೇರಿನ ರೀಲ್, 15 ಪೌಂಡ್ ಫ್ಲೋರೋಕಾರ್ಬನ್ ದಾರ, ಟಂಗ್‌ಸ್ಟನ್ ಗುಂಡು (ದಾರ ಮುಳುಗಿಸುವ ಭಾರ), ಗ್ರೀನ್ ಪಂಪ್ಕಿನ್ ಬಣ್ಣದ ಪ್ಲಾಸ್ಟಿಕ್ ಹುಳ. ಯಾವುದೂ ತಪ್ಪಲ್ಲ. ಆದರೆ ಇದನ್ನು ಅಂಗಡಿಯ ಹುಡುಗನೂ ಹೇಳುತ್ತಾನೆ. ನಿಮ್ಮ ಓದುಗ ಇದನ್ನೆಲ್ಲ ಆಗಲೇ ಕೊಂಡಿದ್ದಾನೆ. ಅವನ ಕಷ್ಟ ಬೇರೆ. ಒಂದೇ ದೋಣಿ, ಒಂದೇ ರಾಡ್, ಒಂದೇ ಹುಳ. ಪಕ್ಕದಲ್ಲಿ ಕೂತ ಗೆಳೆಯನಿಗೆ ಮೀನು ಬೀಳುತ್ತದೆ, ಇವನಿಗೆ ಇಲ್ಲ.

ಇದಕ್ಕೆ ಉತ್ತರ ನಿಮ್ಮ ಒಂಬತ್ತನೇ ಪ್ಯಾರಾದಲ್ಲೇ ಇದೆ. ಮೂರು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ: ‘ಗಾಳಿ ಹೊಡೆಯುತ್ತಿದ್ದ ದಡಕ್ಕೆ ಹೋದೆವು. ಹುಳ ಕೆಳಗೆ ಇಳಿಯುತ್ತಿದ್ದಾಗ ದಾರ ಸುಮ್ನೆ ಪಕ್ಕಕ್ಕೆ ಸರಿಯಿತು. ಗಾಳಿಗೆ ಇರಬೇಕು ಅಂದುಕೊಂಡೆ. ಗೆಳೆಯ “ಎಳಿ, ಎಳಿ” ಅಂತ ಕೂಗಿದ.’ ಇಡೀ ಹಸ್ತಪ್ರತಿಯಲ್ಲಿ ಜೀವ ಇರುವ ಜಾಗ ಇದೊಂದೇ. ಗೆಳೆಯನಿಗೆ ಗೊತ್ತಾಗಿದ್ದು ನಿಮಗೆ ಯಾಕೆ ಗೊತ್ತಾಗಲಿಲ್ಲ? ಅವನು ಏನು ನೋಡಿದ? ಅದನ್ನು ಬರೆಯಿರಿ. ಲೇಖನ ಅಲ್ಲಿಂದ ಶುರುವಾಗಲಿ, ಕೊನೆಯವರೆಗೂ ಅದರ ಸುತ್ತಲೇ ಇರಲಿ.

ಅದಕ್ಕೆ ಸಾಮಗ್ರಿ ಸಾಲುವುದಿಲ್ಲ ಅಂತ ಅನ್ನಿಸಬಹುದು. ಸಾಲುತ್ತದೆ. ಟೆಕ್ಸಾಸ್ ರಿಗ್ ಒಂದನ್ನೇ ತೆಗೆದುಕೊಳ್ಳಿ. ದಾರಕ್ಕೆ ಒಂದು ಬುಲೆಟ್ ಆಕಾರದ ಗುಂಡು, ಅದರ ಕೆಳಗೆ 3/0 ಅಥವಾ 4/0 ಆಫ್‌ಸೆಟ್ ಕೊಕ್ಕೆ, ಕೊಕ್ಕೆಯ ಮೊನೆ ಹುಳದ ಮೈಯೊಳಗೇ ಅಡಗಿರುತ್ತದೆ. ಕಳೆಗೆ, ಮರದ ಕೊಂಬೆಗೆ ಸಿಕ್ಕಿಕೊಳ್ಳದೆ ಬರಲಿ ಅಂತ ಈ ವ್ಯವಸ್ಥೆ. ಇಷ್ಟನ್ನು ನೀವೂ ಬರೆದಿದ್ದೀರಿ. ಆಮೇಲೆ ‘ಎಸೆದು, ನಿಧಾನವಾಗಿ ಎಳೆಯಿರಿ’ ಅಂತ ಮುಗಿಸಿದ್ದೀರಿ. ಎಸೆಯುವುದಕ್ಕೂ ಎಳೆಯುವುದಕ್ಕೂ ನಡುವೆ ಹುಳ ಕೆಳಗೆ ಇಳಿಯುತ್ತದಲ್ಲ, ಬಾಸ್ ಕಚ್ಚುವುದು ಹೆಚ್ಚಾಗಿ ಆಗಲೇ. ನಿಮ್ಮ ಲೇಖನದಲ್ಲಿ ಆ ಹೊತ್ತೇ ಇಲ್ಲ.

ಬಾಸ್ ನಿಜವಾಗಿ ಕಚ್ಚುವುದಿಲ್ಲ, ಹೀರುತ್ತದೆ. ಬಾಯಿ ಮತ್ತು ಕಿವಿರು ಒಮ್ಮೆಲೇ ಅಗಲವಾಗುತ್ತವೆ, ನೀರಿನ ಜೊತೆ ಹುಳವೂ ಒಳಗೆ ಹೋಗುತ್ತದೆ. ಇಷ್ಟು ಹೇಳಿದರೆ ಓದುಗನಿಗೆ ಎಷ್ಟೋ ವಿಷಯ ತಾನಾಗೇ ಅರ್ಥವಾಗುತ್ತದೆ. ದಾರ ಬಿಗಿಯಾಗಿದ್ದರೆ ಹುಳ ಪೂರ್ತಿ ಒಳಗೆ ಹೋಗುವುದಿಲ್ಲ, ಮೀನು ಉಗುಳಿಬಿಡುತ್ತದೆ. ದಾರ ತೀರಾ ಸಡಿಲವಾಗಿದ್ದರೆ ಹೀರಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಹುಳ ಇಳಿಯುವಾಗ ರಾಡಿನ ತುದಿಯನ್ನು ಅದರ ಜೊತೆಗೇ ಕೆಳಗೆ ತರಬೇಕು. ದಾರ ಸ್ವಲ್ಪವೇ ಬಾಗಿರಬೇಕು. ಕಣ್ಣು ದಾರ ನೀರಿಗೆ ಸೇರುವ ಜಾಗದಲ್ಲೇ ಇರಬೇಕು.

ಆಗ ಏನು ಕಾಣುತ್ತದೆ? ಒಮ್ಮೊಮ್ಮೆ ದಾರ ಟಕ್ ಅಂತ ಹಾರುತ್ತದೆ. ಒಮ್ಮೊಮ್ಮೆ ನಿಮಗಾದ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಗುರುತು ಇದೆ, ಹೊಸಬರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹುಳ ತಳ ಮುಟ್ಟಲು ಎಷ್ಟು ಎಣಿಸಬೇಕು ಅಂತ ಮೊದಲ ಎಸೆತದಲ್ಲೇ ಎಣಿಸಿಕೊಳ್ಳಬೇಕು. ಎಂಟು ಎಣಿಸಬೇಕಾದ ಕಡೆ ಐದಕ್ಕೇ ನಿಂತುಹೋದರೆ, ಅಲ್ಲಿ ಕೊಂಬೆ ಇರಬೇಕು, ಇಲ್ಲವೇ ಮೀನು ಹಿಡಿದಿರಬೇಕು. ಟಕಟಕ ಅಂತ ಸಣ್ಣಗೆ ಕುಕ್ಕಿದ ಹಾಗೆ ಆದರೆ ಸಾಮಾನ್ಯವಾಗಿ ಅದು ಬ್ಲೂಗಿಲ್‌ನಂಥ ಸಣ್ಣ ಮೀನು. ಬಾಸ್ ಆದರೆ ಒಂದೇ ಸಲ, ಗಟ್ಟಿಯಾಗಿ. ಕೆಲವು ಸಲ ಅದೂ ಇಲ್ಲ, ಒದ್ದೆ ಎಲೆ ಸಿಕ್ಕಿದ ಹಾಗೆ ಸುಮ್ನೆ ಭಾರ ಅಷ್ಟೇ. ನಿಮ್ಮ ಓದುಗ ಕಳೆದ ವರ್ಷ ‘ಕಸ’ ಅಂತ ಬಿಟ್ಟ ಎಷ್ಟೋ ಎಳೆತಗಳು ಮೀನೇ ಆಗಿದ್ದವು. ಅದನ್ನು ಅವನಿಗೆ ತಿಳಿಸುವುದು ದೊಡ್ಡ ಉಪಕಾರ.

ಇದು ನಿಮ್ಮ ಕೈಯಲ್ಲಿ ಇದ್ದರೆ, ಸಾಮಾನಿನ ಪಟ್ಟಿಗೂ ಅರ್ಥ ಬರುತ್ತದೆ. ಟಂಗ್‌ಸ್ಟನ್ ಗುಂಡು ಯಾಕೆ? ಸೀಸಕ್ಕಿಂತ ಗಟ್ಟಿ, ಸಾಂದ್ರತೆ ಜಾಸ್ತಿ. ಹಾಗಾಗಿ ಅದೇ ತೂಕಕ್ಕೆ ಗಾತ್ರ ಚಿಕ್ಕದು. ತಳದಲ್ಲಿ ಕಲ್ಲಿದ್ದರೆ ಕಲ್ಲಿನ ಸದ್ದು ಕೈಗೆ ಬರುತ್ತದೆ, ಕೆಸರಿದ್ದರೆ ಕೆಸರಿನ ಮೆತ್ತಗೆ ಬರುತ್ತದೆ. ಮೀನು ಹಿಡಿದಾಗಿನ ಬದಲಾವಣೆಯೂ ಹಾಗೇ ಬರುತ್ತದೆ. ಸುಮ್ನೆ ‘ಟಂಗ್‌ಸ್ಟನ್ ಉತ್ತಮ’ ಅಂತ ಬರೆದರೆ ದುಬಾರಿ ಸಾಮಾನು ಒಳ್ಳೆಯದು ಅನ್ನೋ ಮಾತಷ್ಟೇ ಉಳಿಯುತ್ತದೆ.

ದಾರದ ವಿಷಯದಲ್ಲಿ ನೀವು ತಿರುಗುಮುರುಗು ಬರೆದಿದ್ದೀರಿ, ದಯವಿಟ್ಟು ಸರಿಮಾಡಿ. ಫ್ಲೋರೋಕಾರ್ಬನ್ ನೀರಿನಲ್ಲಿ ಮುಳುಗುತ್ತದೆ, ಬ್ರೇಡ್, ಅಂದರೆ ಹೆಣೆದ ದಾರ, ತೇಲುತ್ತದೆ. ನೀವು ಹೇಳಿದ ಹಾಗೆ ನೀರ ಮೇಲೆ ಓಡುವ ಪಾಪರ್ ಅನ್ನೋ ಹುಸಿಮೀನಿಗೆ ಫ್ಲೋರೋಕಾರ್ಬನ್ ಕಟ್ಟಿದರೆ ದಾರವೇ ಅದರ ಮೂತಿಯನ್ನು ಕೆಳಗೆ ಎಳೆಯುತ್ತದೆ. ಬ್ರೇಡ್ ಹಿಗ್ಗುವುದಿಲ್ಲ, ಬಣ್ಣದ್ದಾದರೆ ನೀರಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕಚ್ಚಿದ್ದು ಕಣ್ಣಿಗೆ ಕಾಣಬೇಕು ಅನ್ನುವವರು ಬ್ರೇಡ್ ಸುತ್ತಿ, ಕೊನೆಗೆ ಕೆಲವು ಅಡಿ ಫ್ಲೋರೋಕಾರ್ಬನ್ ಸೇರಿಸುವುದು ಅದಕ್ಕೇ.

ರಾಡ್ ಬಗ್ಗೆಯೂ ಒಂದು ತಪ್ಪಿದೆ. ‘ಫಾಸ್ಟ್ ಆಕ್ಷನ್ ಅಂದರೆ ಗಟ್ಟಿ ರಾಡ್’ ಅಂದಿದ್ದೀರಿ. ಎಷ್ಟು ಭಾರಕ್ಕೆ ಬಗ್ಗುತ್ತದೆ ಅನ್ನುವುದು ಪವರ್. ಎಲ್ಲಿ ಬಗ್ಗುತ್ತದೆ ಅನ್ನುವುದು ಆಕ್ಷನ್. ಫಾಸ್ಟ್ ರಾಡ್ ತುದಿಯಲ್ಲಷ್ಟೇ ಬಗ್ಗುತ್ತದೆ, ಮಾಡರೇಟ್ ರಾಡ್ ನಡುವಿನವರೆಗೂ. ಈ ಎರಡನ್ನು ಬೆರೆಸಿದರೆ ಮುಂದಿನ ಸಲಹೆ ಎಲ್ಲಾ ಹಳಿ ತಪ್ಪುತ್ತದೆ. ಟೆಕ್ಸಾಸ್ ರಿಗ್‌ನಲ್ಲಿ ಕೊಕ್ಕೆ ಮೊದಲು ಹುಳದ ಮೈ ದಾಟಿ, ಆಮೇಲೆ ಮೀನಿನ ಬಾಯಿಗೆ ಚುಚ್ಚಬೇಕು. ಅದಕ್ಕೆ ಜೋರಾದ ಹೊಡೆತ ಬೇಕು, ಫಾಸ್ಟ್ ರಾಡ್ ಬೇಕು. ಕ್ರ್ಯಾಂಕ್‌ಬೇಟ್ ಅನ್ನೋ ಗಟ್ಟಿ ಹುಸಿಮೀನಿನಲ್ಲಿ ಸಣ್ಣ ಮೂರು ಮೊನೆಯ ಕೊಕ್ಕೆಗಳು ಹೊರಗೇ ಇರುತ್ತವೆ. ಅಲ್ಲಿ ಹೊಡೆದರೆ ಬಾಯಿ ಹರಿದು ಮೀನು ಹೋಗುತ್ತದೆ. ಮಾಡರೇಟ್ ರಾಡಿನಲ್ಲಿ ಒಂದೇ ಸಮ ಎಳೆದರೆ ಸಾಕು. ನಿಮ್ಮ ಲೇಖನ ಎರಡಕ್ಕೂ ‘ಬಲವಾಗಿ ಜಗ್ಗಿ’ ಅನ್ನುತ್ತದೆ. ಇದನ್ನು ನಂಬಿದ ಓದುಗ ಒಳ್ಳೆಯ ಮೀನು ಕಳೆದುಕೊಳ್ಳುತ್ತಾನೆ.

ಬೇಟ್‌ಕಾಸ್ಟರ್ ರೀಲ್‌ಗೆ ‘ಸ್ಪೂಲ್ ಟೆನ್ಷನ್ ಸರಿಯಾಗಿ ಹೊಂದಿಸಿಕೊಳ್ಳಿ’ ಅಂತ ಒಂದೇ ವಾಕ್ಯ ಕೊಟ್ಟಿದ್ದೀರಿ. ದಾರ ಗೋಜಲಾಗಿ, ಬಿಡಿಸುತ್ತಾ ಬಿಸಿಲಲ್ಲಿ ಕೂತವನಿಗೆ ಈ ಮಾತು ಏನೂ ಕೊಡುವುದಿಲ್ಲ. ಯಾಕೆ ಗೋಜಲಾಗುತ್ತದೆ ಅಂತ ಹೇಳಿ. ಹುಳದ ವೇಗ ಗಾಳಿಯಲ್ಲಿ ಕಡಿಮೆಯಾಗುತ್ತದೆ, ದಾರ ಸುತ್ತಿದ ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಬಿಚ್ಚಿದ ದಾರಕ್ಕೆ ಹೋಗೋಕೆ ಜಾಗ ಇಲ್ಲ. ಇಷ್ಟು ತಿಳಿದರೆ ಉಪಾಯವೂ ತಿಳಿಯುತ್ತದೆ. ಹುಳ ಕಟ್ಟಿ, ರಾಡ್ ಮುಂದೆ ಚಾಚಿ, ಬಟನ್ ಒತ್ತಬೇಕು. ಹುಳ ನಿಧಾನವಾಗಿ ಇಳಿಯಬೇಕು, ಅದು ನೆಲ ಮುಟ್ಟಿದಾಗ ಸ್ಪೂಲೂ ನಿಲ್ಲಬೇಕು, ಟೆನ್ಷನ್ ಅಷ್ಟಕ್ಕೆ ಹೊಂದಿಸಬೇಕು. ಬ್ರೇಕ್ ಮೊದಲು ಜಾಸ್ತಿ ಇಟ್ಟು, ಕೈ ಪಳಗಿದ ಹಾಗೆ ಕಡಿಮೆ ಮಾಡುತ್ತಾ ಬರಬೇಕು. ಹುಳ ನೀರು ಮುಟ್ಟುವ ಕ್ಷಣ ಮೊದಲೇ ಹೆಬ್ಬೆರಳು ಸ್ಪೂಲ್ ಮೇಲೆ ಇರಬೇಕು. ಎದುರು ಗಾಳಿ ಇದ್ದರೆ ಬ್ರೇಕ್ ಮತ್ತೆ ಏರಿಸಬೇಕು. ಇದಕ್ಕೆ ಒಂದು ಪ್ಯಾರಾ ಕೊಡಿ. ಗಂಟುಗಳ ಪುಟವನ್ನು ಪೂರ್ತಿ ತೆಗೆಯಬಹುದು. ಪಾಲೊಮಾರ್ ಒಂದೇ ಸಾಕು, ಬಿಗಿಯುವ ಮುಂಚೆ ಒದ್ದೆ ಮಾಡಿ ಅಂತ ಹೇಳಿದರೆ ಆಯಿತು.

ಗಾಳಿ ಹೊಡೆಯುವ ದಡಕ್ಕೆ ಯಾಕೆ ಹೋದಿರಿ ಅಂತಲೂ ನೀವು ಹೇಳಿಲ್ಲ. ಒಂದೇ ದಿಕ್ಕಿನಿಂದ ಗಾಳಿ ಬೀಸುತ್ತಿದ್ದರೆ ನೀರಿನ ಸೂಕ್ಷ್ಮ ಜೀವಿಗಳು ಆ ದಡಕ್ಕೆ ಬಂದು ಸೇರುತ್ತವೆ. ಅವನ್ನು ತಿನ್ನಲು ಶ್ಯಾಡ್ ಮೀನುಗಳು ಬರುತ್ತವೆ, ಶ್ಯಾಡ್ ಹಿಂದೆ ಬಾಸ್. ಅಲೆಯೆದ್ದ ನೀರಿನಲ್ಲಿ ಬೆಳಕು ಒಡೆಯುತ್ತದೆ, ಬಾಸ್ ದಡದ ಹತ್ತಿರಕ್ಕೂ ಧೈರ್ಯವಾಗಿ ಬರುತ್ತದೆ. ಎಸೆಯೋಕೆ ಕಷ್ಟ ಅಂತ ಜನ ಬಿಟ್ಟುಹೋಗುವ ದಡ ಅದೇ, ಅಲ್ವಾ? ಇದನ್ನು ಬರೆದರೆ ಓದುಗ ಮುಂದಿನ ಶನಿವಾರ ಎಲ್ಲಿ ನಿಲ್ಲಬೇಕು ಅಂತ ತಾನೇ ನಿರ್ಧರಿಸುತ್ತಾನೆ.

ಈಗ ಒಂದು ಗಂಭೀರ ವಿಷಯ. ಲೇಕ್ ಫೋರ್ಕ್‌ಗೆ ಹೋದ ಪ್ರವಾಸವನ್ನು ಹೇಳುತ್ತಾ ‘18 ಇಂಚಿನ ಮೀನು ಮನೆಗೆ ತಂದು ಸಾರು ಮಾಡಿದೆವು’ ಅಂದಿದ್ದೀರಿ. ಟೆಕ್ಸಾಸ್‌ನ ಸಾಮಾನ್ಯ ನಿಯಮ 14 ಇಂಚಿಗಿಂತ ಚಿಕ್ಕ ಲಾರ್ಜ್‌ಮೌತ್ ಬಾಸ್ ಇಟ್ಟುಕೊಳ್ಳಬಾರದು ಅನ್ನುವುದು, ನಿಜ. ಆದರೆ ಲೇಕ್ ಫೋರ್ಕ್‌ಗೆ ಬೇರೆ ನಿಯಮ ಇದೆ. ಅಲ್ಲಿ 16ರಿಂದ 24 ಇಂಚಿನ ನಡುವಿನ ಬಾಸನ್ನು ನೀರಿಗೆ ಬಿಡಲೇಬೇಕು. 24 ಇಂಚು ಮೀರಿದ್ದನ್ನು ದಿನಕ್ಕೆ ಒಂದೇ ಇಟ್ಟುಕೊಳ್ಳಬಹುದು. ನಡುವಿನ ಗಾತ್ರದ ಮೀನು ಉಳಿದರೆ ಮಾತ್ರ ಆ ಕೆರೆಯಲ್ಲಿ ದೊಡ್ಡ ಮೀನು ಇರುತ್ತದೆ. 1992ರ ಜನವರಿಯಲ್ಲಿ ಸಿಕ್ಕ 18.18 ಪೌಂಡಿನ ರಾಜ್ಯ ದಾಖಲೆಯ ಬಾಸ್ ಬಂದಿದ್ದು ಅದೇ ಕೆರೆಯಿಂದ. ನಿಮ್ಮ ಸಾಲನ್ನು ಓದಿ ಯಾರಾದರೂ ಹಾಗೇ ಮಾಡಿದರೆ ದಂಡ ಕಟ್ಟುವವರು ಅವರು. ಆ ಮೀನು ಬೇರೆ ಕೆರೆಯದಾಗಿದ್ದರೆ ಆ ಕೆರೆಯ ಹೆಸರು ಬರೆಯಿರಿ. ಇಲ್ಲದಿದ್ದರೆ ಆ ಸಾಲು ಹೋಗಬೇಕು, ಅದರ ಜಾಗದಲ್ಲಿ ನಿಯಮ ಬರಬೇಕು. 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು ಅನ್ನುವುದನ್ನೂ ಸೇರಿಸಿ. ನೆಂಟರು ಊರಿಂದ ಬಂದಾಗ ಸುಮ್ನೆ ರಾಡ್ ಕೈಗೆ ಕೊಡುವವರು ನಮ್ಮಲ್ಲಿ ಇದ್ದಾರೆ.

ಹನ್ನೊಂದನೇ ಸೂತ್ರದಲ್ಲಿ ಗೂಡಿನ ಮೇಲೆ ಕೂತ ಮೀನನ್ನು ಹಿಡಿಯುವುದು ಸುಲಭ ಅಂದಿದ್ದೀರಿ. ಸುಲಭವೇ. ಗೂಡು ಕಾಯುವುದು ಗಂಡು ಬಾಸ್. ನಮ್ಮ ಕೆರೆಗಳಲ್ಲಿ ಕೊರವ ಮೀನು ಮರಿಗಳನ್ನು ಕಾಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹತ್ತಿರ ಬಂದ ಏನನ್ನಾದರೂ ಅದು ಹೊಡೆಯುತ್ತದೆ. ಅದನ್ನು ಎತ್ತಿ ಫೋಟೋ ತೆಗೆಯುವಷ್ಟರಲ್ಲಿ ಬ್ಲೂಗಿಲ್‌ಗಳು ಬಂದು ಮೊಟ್ಟೆ ತಿನ್ನಲು ಶುರುಮಾಡುತ್ತವೆ. ಕಾನೂನು ಬಿಟ್ಟರೂ ನಾನಂತೂ ಈ ಸಲಹೆಯನ್ನು ಹೊಸಬರಿಗೆ ಕೊಡುವುದಿಲ್ಲ. ನೀವು ಒಪ್ಪದಿದ್ದರೆ ನಿಮ್ಮ ಕಾರಣ ಬರೆಯಿರಿ, ಪ್ರಕಟಿಸುತ್ತೇನೆ. ಆದರೆ ಮೊಟ್ಟೆಗಳಿಗೆ ಏನಾಗುತ್ತದೆ ಅನ್ನುವುದನ್ನು ಮುಚ್ಚಿಟ್ಟು ಬರೆಯುವ ಹಾಗಿಲ್ಲ.

ವಿಶ್ವ ದಾಖಲೆಯ ಪ್ಯಾರಾ ಚೆನ್ನಾಗಿದೆ, ಆದರೆ ಅರ್ಧ ಮಾತ್ರ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ಮೀನಿಗೆ ಈಗ ಜೊತೆಗಾರ ಇದ್ದಾನೆ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಬಾಸ್ ಒಂದು ಔನ್ಸಿನಷ್ಟು ಜಾಸ್ತಿ ತೂಗಿತು. ಹಳೆಯ ದಾಖಲೆ ಮುರಿಯಲು ಕನಿಷ್ಠ 2 ಔನ್ಸ್ ಜಾಸ್ತಿ ಇರಬೇಕು ಅನ್ನುವ ನಿಯಮದಿಂದ ಇಬ್ಬರನ್ನೂ ಸಮ ಅಂತ ಘೋಷಿಸಿದರು. ಆದರೂ ಈ ಪ್ಯಾರಾ ನಿಮ್ಮ ಹೊಸ ಲೇಖನಕ್ಕೆ ಸೇರುವುದಿಲ್ಲ. ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ಬರವಣಿಗೆಯ ಬಗ್ಗೆ ಒಂದು ಮಾತು. ನಿಮ್ಮ ವಾಕ್ಯಗಳಲ್ಲಿ ಎಲ್ಲಾ ಕಡೆ ‘ಮಾಡಬೇಕು’, ‘ಬಳಸಬೇಕು’, ‘ಆರಿಸಬೇಕು’. ಒಂಬತ್ತನೇ ಪ್ಯಾರಾದಲ್ಲಿ ಮಾತ್ರ ‘ಅಂದುಕೊಂಡೆ’ ಬಂದಿದೆ. ಅಲ್ಲಿ ನೀವು ನಿಜವಾಗಿ ದೋಣಿಯಲ್ಲಿ ಇದ್ದೀರಿ. ಸಲಹೆ ಕೊಡುವ ಲೇಖನದಲ್ಲೂ ಬರೆದವರು ಕಾಣಿಸಬೇಕು. ಹೇಳುವವನು ನೀರಿನ ಹತ್ತಿರ ನಿಂತು ನೋಡಿದ್ದಾನೆ ಅಂತ ಗೊತ್ತಾದರೆ ಓದುಗ ‘ಮಾಡಬೇಕು’ಗಳನ್ನೂ ಕೇಳುತ್ತಾನೆ. ನೀರಿನ ಬಿಸಿ ಎಷ್ಟಿತ್ತು, ತಳದಲ್ಲಿ ಏನಿತ್ತು, ಗಾಳಿ ಯಾವ ದಿಕ್ಕಿನದು, ಗುಂಡಿನ ತೂಕ ಎಷ್ಟು. ಆ ದಿನದ ವಿವರ ನೆನಪಿಲ್ಲದಿದ್ದರೆ ಇನ್ನೊಮ್ಮೆ ಹೋಗಿ ಬನ್ನಿ, ಗೆಳೆಯನನ್ನೂ ಕರೆದುಕೊಂಡು ಹೋಗಿ. ಈ ಸಲ ಅವನು ಏನು ನೋಡುತ್ತಾನೆ ಅಂತ ಕೇಳುತ್ತಾ ಇರಿ.

ಹೊಸ ಪ್ರತಿ 900 ಪದಗಳೊಳಗೆ ಇರಲಿ. ಒಂದು ಕೆರೆ, ಒಂದು ರಿಗ್ ಸಾಕು. ಜನವರಿ ಮಧ್ಯಕ್ಕೆ ಕಳಿಸಿದರೆ ಫೆಬ್ರವರಿ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಆ ಹೊತ್ತಿಗೆ ಡಲ್ಲಾಸ್ ಕಡೆಯ ನೀರು 55 ಡಿಗ್ರಿ ಫ್ಯಾರನ್‌ಹೀಟ್ ಕಡೆಗೆ ಏರುತ್ತಿರುತ್ತದೆ, ಬಾಸ್ ಆಳದಿಂದ ದಡದ ಕಡೆ ಬರಲು ಶುರುಮಾಡುತ್ತದೆ. ಓದಿದ ತಕ್ಷಣ ಹೋಗಿ ಪ್ರಯತ್ನಿಸಬಹುದು. ಫೋಟೋ ಎರಡು ಬೇಕು. ಗುಂಡು, ಕೊಕ್ಕೆ, ಹುಳ ಜೋಡಿಸಿದ್ದು ಹತ್ತಿರದಿಂದ ತೆಗೆದದ್ದು ಒಂದು. ಮೀನಿನದು ಇನ್ನೊಂದು, ಆದರೆ ತುಟಿ ಹಿಡಿದು ನೇತಾಡಿಸಿದ್ದು ಬೇಡ. ದೊಡ್ಡ ಬಾಸ್‌ನ ದವಡೆ ಆ ಭಾರ ತಡೆಯುವುದಿಲ್ಲ. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು, ಅಡ್ಡಲಾಗಿ ಹಿಡಿದಿದ್ದನ್ನು ಕಳಿಸಿ.