ಥರ್ಡ್ ಅಂಡ್ ಎಂಟು, ಪಾಸ್ ನಾಲ್ಕು ಗಜ

(ಗುರುತು ಸಿಗದಂತೆ ಮನೆಯ ವಿವರಗಳನ್ನು ಬದಲಿಸಲಾಗಿದೆ.)

ವ್ಯಕ್ತಿಗೆ 40 ವರ್ಷ, ಸಾಫ್ಟ್‌ವೇರ್ ಕೆಲಸ. ತುಮಕೂರು ಕಡೆಯವರು, 2004ರಲ್ಲಿ ಎಂ.ಎಸ್. ಓದಲು ಪಿಟ್ಸ್‌ಬರ್ಗ್‌ಗೆ ಹೋಗಿ ಅಲ್ಲೇ ಉಳಿದವರು. 2021ರ ನವೆಂಬರ್ ಕೊನೆಗೆ ಅವರನ್ನು ಆಪ್ತಸಮಾಲೋಚಕರಾದ ನಮ್ಮ ಜೊತೆ ವಿಡಿಯೊ ಕರೆಗೆ ಕೂರಿಸಿದ್ದು ಹೆಂಡತಿ. ಹಿಂದಿನ ಭಾನುವಾರ ಪಿಟ್ಸ್‌ಬರ್ಗ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೀಲರ್ಸ್ ಸಿನ್ಸಿನಾಟಿಯಲ್ಲಿ 41-10ರಿಂದ ಸೋತಿತ್ತು. ಇವರು ಎಸೆದ ರಿಮೋಟ್ ಗೋಡೆಗೆ ಬಡಿದು ಬ್ಯಾಟರಿ ಮುಚ್ಚಳ ಸೋಫಾ ಕೆಳಗೆ ಸೇರಿತ್ತು. "ರಿಮೋಟ್‌ಗೆ ರಬ್ಬರ್ ಬ್ಯಾಂಡ್ ಹಾಕಿದೀನಿ ಮೇಡಂ. ಮಗ ಇವರ ಪಕ್ಕ ಕೂರೋದನ್ನೇ ಬಿಟ್ಟಿದಾನೆ" ಎಂದರು ಆಕೆ. ಹುಡುಗನಿಗೆ ಒಂಬತ್ತು.

ಇಂಥ ಪ್ರಕರಣದಲ್ಲಿ ಮೊದಲು ಕೇಳಬೇಕಾದ್ದು ಮೂರು: ಬೆಟ್ಟಿಂಗ್ ಇದೆಯೇ, ಕುಡಿತ ಇದೆಯೇ, ಕೈ ಎತ್ತಿದ್ದಾರೆಯೇ. ಪೆನ್ಸಿಲ್ವೇನಿಯಾದಲ್ಲಿ ಕ್ರೀಡಾ ಬೆಟ್ಟಿಂಗ್ 2018ರಿಂದಲೇ ಕಾನೂನುಬದ್ಧ, ಹಾಗಾಗಿ ಸಂಕೋಚಪಡುವಂತಿಲ್ಲ. ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೇಳಿದೆವು. ಮೂರಕ್ಕೂ ಇಲ್ಲ ಎಂಬ ಉತ್ತರ ಬಂತು. ಒಂದಕ್ಕೆ ಹೌದು ಎಂದಿದ್ದರೂ ಇಲ್ಲಿಂದ ಮುಂದಿನ ದಾರಿಯೇ ಬೇರೆ.

ಆಮೇಲೆ ಇಪ್ಪತ್ತು ನಿಮಿಷ ಬರೀ ಆಟದ ಮಾತಿಗೆ ಬಿಟ್ಟೆವು. "ಅದು ಆಟ ತಾನೇ, ಬಿಡಿ" ಎಂದರೆ ಇಂಥವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಅಲ್ಲದೆ ಅವರ ದೂರು ಸರಿಯಾಗಿಯೇ ಇತ್ತು. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವ ಆಟಗಾರ, ಬೆನ್ ರಾಥ್ಲಿಸ್‌ಬರ್ಗರ್‌ಗೆ ಆಗ 39. ಎಸೆಯುವ ಕೈಯ ಮೊಣಕೈಗೆ 2019ರಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. 2018ರಲ್ಲಿ ಒಂದು ಪಾಸ್‌ಗೆ 7.6 ಗಜ ಇದ್ದ ಸರಾಸರಿ 2020ಕ್ಕೆ 6.3 ಆಗಿತ್ತು. ಅವರ ಮುಂದೆ ನಿಂತು ಕಾಯುತ್ತಿದ್ದ ಪೌನ್ಸಿ, ಡಿಕಾಸ್ಟ್ರೊ, ವಿಲನ್ಯೂವಾ ಮೂವರೂ 2021ರ ಸೀಸನ್‌ಗೆ ಮೊದಲೇ ತಂಡದಲ್ಲಿರಲಿಲ್ಲ. ಓಡಲು ಕಾಲಿಲ್ಲ, ಕಾಯುವ ಸಾಲು ಹೊಸದು ಎಂದಾಗ ಚೆಂಡನ್ನು ಬೇಗ, ಹತ್ತಿರಕ್ಕೇ ಎಸೆಯಬೇಕಾಗುತ್ತದೆ. ಉದ್ದನೆಯ ಪಾಸ್ ಬರುವುದಿಲ್ಲ ಎಂದು ಗೊತ್ತಾದರೆ ಎದುರಾಳಿಗಳು ಹಿಂದೆ ನಿಲ್ಲಬೇಕಾದವರನ್ನೂ ಮುಂದಕ್ಕೆ ತರುತ್ತಾರೆ. ಆಗ ಚೆಂಡು ಹಿಡಿದು ಓಡುವವನಿಗೂ ಸಂದಿ ಸಿಗದು. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ಸಿಗುವುದು ನಾಲ್ಕು ಯತ್ನ. ಮೂರನೇ ಯತ್ನಕ್ಕೆ ಎಂಟು ಗಜ ಬೇಕು, ಪಾಸ್ ಹೋಗುವುದು ನಾಲ್ಕು, ಆಮೇಲೆ ಪಂಟ್, ಅಂದರೆ ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವುದು. ಓವರಿಗೆ ಹನ್ನೆರಡು ರನ್ ಬೇಕಿದ್ದಾಗ ಒಂಟಿ ರನ್ ಓಡುತ್ತಾ ಕೂತ ಬ್ಯಾಟ್ಸ್‌ಮನ್ ನೆನಪಾದರೆ ಸಾಕು.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಸಿದೆವು: ಗಂಟೆ, ಎಷ್ಟು ಗಜ ಬೇಕಿತ್ತು, ಚೆಂಡು ಎಷ್ಟು ಹೋಯಿತು, ನನ್ನ ಕೈ ಏನು ಮಾಡಿತು. ಒಂದೇ ಪಂದ್ಯಕ್ಕೆ ವಿಷಯ ಬಯಲಾಯಿತು. ಇಂಟರ್ಸೆಪ್ಷನ್ ಆದಾಗ, ಅಂದರೆ ಪಾಸ್ ಎದುರಾಳಿಯ ಕೈ ಸೇರಿದಾಗ, ಇವರು ಸುಮ್ಮನಿರುತ್ತಿದ್ದರು, ಸಿಟ್ಟೇಳುತ್ತಿದ್ದುದು ಆ ನಾಲ್ಕು ಗಜದ ಪಾಸ್‌ಗೆ. ಅದೂ ಎಸೆಯುವ ಮೊದಲೇ. ಇನ್ನೆರಡು ಸಂಗತಿ ಹಾಳೆಯ ಅಂಚಿನಲ್ಲಿದ್ದವು. ಪಂದ್ಯ ಸಾಮಾನ್ಯವಾಗಿ ಶುರುವಾಗುವುದು ಮಧ್ಯಾಹ್ನ 1ಕ್ಕೆ, ಬೆಳಗಿನ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲ. ಚಿತ್ರಾನ್ನದ ತಟ್ಟೆ ಟೀಪಾಯಿ ಮೇಲೆ ಆರುತ್ತಿತ್ತು. ತೊಡೆಯ ಮೇಲೆ ಫೋನು, ಅದರಲ್ಲಿ ಕಾಲೆಳೆಯುವ ವಾಟ್ಸಾಪ್ ಗುಂಪು.

ಕೊಟ್ಟ ಸಲಹೆ: 12.15ಕ್ಕೆ ಊಟ ಮುಗಿಸಿ. ಫೋನ್ ಅಡುಗೆಮನೆಯ ಡ್ರಾಯರ್‌ಗೆ. ಪಂದ್ಯವನ್ನು ರೆಕಾರ್ಡ್‌ಗೆ ಹಾಕಿ 45 ನಿಮಿಷ ತಡವಾಗಿ ನೋಡಿ, ಜಾಹೀರಾತು ಹಾರಿಸಿ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ಆಟದಲ್ಲಿರುವುದು ಸುಮಾರು 11 ನಿಮಿಷ, ಮಿಕ್ಕಿದ್ದೆಲ್ಲ ಸಿಟ್ಟು ಕುದಿಯಲು ಸಿಗುವ ಸಮಯ. (ಪಕ್ಕದ ಮನೆಯವರ ಕೂಗಿಗೆ ಮಾತ್ರ ಉಪಾಯವಿಲ್ಲ. ಕಿಟಕಿ ಹಾಕಿಕೊಳ್ಳಿ ಎಂದೆವು.) ಮಗನಲ್ಲಿ ಕ್ಷಮೆ ಕೇಳಲು ಎರಡೇ ವಾಕ್ಯ: "ರಿಮೋಟ್ ಎಸೆದಿದ್ದು ತಪ್ಪು. ನಿನ್ನ ಮೇಲೆ ಕೋಪ ಇರಲಿಲ್ಲ ಕಂದ." ಅದಕ್ಕೆ "ಆದ್ರೆ" ಸೇರಿಸಿದರೆ ಮಗು ನೆನಪಿಟ್ಟುಕೊಳ್ಳುವುದು "ಆದ್ರೆ"ಯ ಮುಂದಿನದನ್ನೇ.

ಅರ್ಧ ಆಟಕ್ಕೆ 17ಕ್ಕಿಂತ ಹೆಚ್ಚು ಪಾಯಿಂಟ್ ಹಿಂದಿದ್ದರೆ ಟಿವಿ ಆರಿಸಿ ಎಂಬ ಇನ್ನೊಂದು ನಿಯಮವನ್ನೂ ಕೊಟ್ಟಿದ್ದೆವು. ಅದು ಕೆಟ್ಟಿತು. ಡಿಸೆಂಬರ್ 9ರ ಗುರುವಾರ ಮಿನೆಸೋಟದಲ್ಲಿ ಅರ್ಧಕ್ಕೆ 23-0. ಇವರು ಹೇಳಿದ ಹಾಗೆ ಆರಿಸಿ ಮಲಗಿದರು. ಅತ್ತ 29-0 ಆಗಿ, ಅಲ್ಲಿಂದ ಸ್ಟೀಲರ್ಸ್ 28 ಪಾಯಿಂಟ್ ಹೊಡೆದರು. ಕೊನೆಯ ಪಾಸ್ ಎಂಡ್ ಝೋನ್‌ನಲ್ಲಿ (ಚೆಂಡು ಹಿಡಿದರೆ ಪಾಯಿಂಟ್ ಸಿಗುವ ಜಾಗ) ಸ್ಟೀಲರ್ಸ್‌ನ ಫ್ರೈಯರ್ಮತ್ ಕೈಗೆ ಬಂದು ಜಾರಿತು, 36-28. ಬೆಳಿಗ್ಗೆ ಬಂದ ಸಂದೇಶದ ತುಂಬ ನಮ್ಮ ಮೇಲಿನ ಸಿಟ್ಟೇ. ನ್ಯಾಯವಾದ ಸಿಟ್ಟು. ಸ್ಕೋರ್ ಇವರ ಹಿಡಿತದಲ್ಲಿಲ್ಲ, ಅದರ ಮೇಲೆ ನಿಯಮ ಕಟ್ಟಬಾರದಿತ್ತು. ಬದಲಾಯಿಸಿದೆವು: ದವಡೆ ಬಿಗಿದರೆ, ಇಲ್ಲವೇ ದನಿ ಕೇಳಿ ಮಗ ತಲೆಯೆತ್ತಿದರೆ, ರಿಮೋಟ್‌ನ ಪಾಜ್ ಬಟನ್ ಒತ್ತಿ ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.

ಮೂರನೇ ಭೇಟಿಯಲ್ಲಿ ಅವರೇ ಹೇಳಿದರು: "ರಾಥ್ಲಿಸ್‌ಬರ್ಗರೂ ನಾನೂ ಒಂದೇ ವರ್ಷ ಈ ಊರಿಗೆ ಬಂದ್ವಿ. ಆ ಸೀಸನ್ ಅವನೇ ಆರಂಭದ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ 13 ಲೀಗ್ ಪಂದ್ಯವನ್ನೂ ಗೆದ್ದ." ಇಂಥ ಮಾತು ಸಿಕ್ಕರೆ ಅದನ್ನೇ ಹಿಡಿದು ಅಗೆಯುವುದು ನಮ್ಮ ವೃತ್ತಿಯವರ ಚಾಳಿ. ನಾವು ಬರೆದುಕೊಂಡು ಸುಮ್ಮನಾದೆವು.

2022ರ ಜನವರಿ 3, ಸೋಮವಾರ ರಾತ್ರಿ, ರಾಥ್ಲಿಸ್‌ಬರ್ಗರ್ ತವರಿನಲ್ಲಿ ಆಡಿದ ಕೊನೆಯ ಪಂದ್ಯ. 46 ಪಾಸ್‌ಗೆ ಸಿಕ್ಕಿದ್ದು 123 ಗಜ. ಕ್ಲೀವ್‌ಲ್ಯಾಂಡ್ ಮೇಲೆ 26-14ರ ಗೆಲುವು. ಮಾರನೇ ದಿನ ಹಾಳೆಯ ಫೋಟೊ ಕಳಿಸಿದ್ದರು. ಮಗನಿಗೆ ಶಾಲೆ ಇದ್ದುದರಿಂದ ಅರ್ಧ ಆಟದವರೆಗೆ ಮಾತ್ರ ಅನುಮತಿ. ಅಲ್ಲಿಯವರೆಗಿನ ಗೆರೆಗಳು ಪೆನ್ಸಿಲ್‌ನಲ್ಲಿ, ಹುಡುಗನ ಅಕ್ಷರದಲ್ಲಿದ್ದವು. ಕೊನೆಯ ಕಾಲಂನಲ್ಲಿ ಎರಡು ಕಡೆ "ನೀರು" ಎಂದಿತ್ತು.