ಒಬ್ಬರೇ ಸಾಗರ ದಾಟಿದ ಕಥೆ ಬರೆಯುವುದಾದರೆ ಲಾಗ್‌ಬುಕ್‌ನಿಂದ ಶುರು ಮಾಡಿ

ನೀವು ಕೇಳಿದ್ದು ಇಷ್ಟು: ಹಾಯಿದೋಣಿಯಲ್ಲಿ ಒಬ್ಬರೇ ಸಾಗರ ದಾಟಿ ಬಂದಿದ್ದೀರಿ. ಕೈಯಲ್ಲಿ ಲಾಗ್‌ಬುಕ್, ಅಂದರೆ ದೋಣಿಯ ದಿನಚರಿ ಪುಸ್ತಕ ಇದೆ, ಫೋನಿನಲ್ಲಿ ರೆಕಾರ್ಡ್ ಮಾಡಿದ ಒಂದಷ್ಟು ಮಾತುಗಳಿವೆ. ಅದನ್ನು ಕನ್ನಡದಲ್ಲಿ ಪುಸ್ತಕ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡುವುದು, ಮತ್ತೆ ಕನ್ನಡದಲ್ಲಿ ಇದನ್ನು ಯಾರಾದರೂ ಓದುತ್ತಾರಾ?

ಓದುತ್ತಾರೆ. ಧೈರ್ಯವಾಗಿ ಬರೆಯಿರಿ. ನಾನು ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಗೆ ಸಣ್ಣ ದೋಣಿಯಲ್ಲಿ ಒಬ್ಬನೇ ಹೋದವನು. ಆ ದಾರಿ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಬಂದ ಮೇಲೆ ಕನ್ನಡದಲ್ಲೇ ಬರೆದೆ. ಓದಿದವರಲ್ಲಿ ಜಾಸ್ತಿ ಜನ ಕಡಲನ್ನು ದಡದಿಂದ ಮಾತ್ರ ನೋಡಿದವರು, ಕೆಲವರು ಅದನ್ನೂ ನೋಡದವರು. ಅವರು ಕೇಳಿದಷ್ಟು ಒಳ್ಳೆಯ ಪ್ರಶ್ನೆಗಳನ್ನು ನನಗೆ ಬೇರೆ ಯಾರೂ ಕೇಳಿಲ್ಲ.

ಬರೆಯೋಕೆ ಕೂರುವ ಮುಂಚೆ ಒಂದು ವಿಷಯ ಮನಸ್ಸಲ್ಲಿರಲಿ. ಒಬ್ಬರೇ ಹೋದ ಪ್ರಯಾಣಕ್ಕೆ ಸಾಕ್ಷಿ ಇರುವುದಿಲ್ಲ. ಬೆಟ್ಟ ಹತ್ತಿದವರ ಜೊತೆ ಯಾರೋ ಒಬ್ಬರು ಇರುತ್ತಾರೆ, ಯುದ್ಧಕ್ಕೆ ಹೋದವರ ಜೊತೆ ಒಂದು ತುಕಡಿಯೇ ಇರುತ್ತದೆ. ನಿಮ್ಮ ಅಲೆ ಎಷ್ಟು ಎತ್ತರ ಇತ್ತು ಅನ್ನೋದನ್ನು ನೋಡಿದವರು ನೀವು ಒಬ್ಬರೇ. ಹಾಗಾಗಿ ಓದುಗರು ಪ್ರತಿ ಪುಟದಲ್ಲೂ ಒಳಗೊಳಗೇ ಕೇಳಿಕೊಳ್ಳುತ್ತಿರುತ್ತಾರೆ, ಇವರನ್ನು ನಂಬಬಹುದಾ ಅಂತ. ನಿಮ್ಮ ಪುಸ್ತಕ ನಿಲ್ಲುವುದು, ಬೀಳುವುದು ಎಲ್ಲ ಆ ಒಂದು ಪ್ರಶ್ನೆಯ ಮೇಲೆ.

ಡೊನಾಲ್ಡ್ ಕ್ರೋಹರ್ಸ್ಟ್ ಕಥೆ ನಿಮಗೆ ಗೊತ್ತಿರಬಹುದು. 1968ರ ಗೋಲ್ಡನ್ ಗ್ಲೋಬ್ ರೇಸ್. ಎಲ್ಲೂ ನಿಲ್ಲದೆ, ಒಬ್ಬರೇ, ಜಗತ್ತು ಸುತ್ತಬೇಕು. ಹೊರಟವರು ಒಂಬತ್ತು ಜನ, ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಅದೂ ಮುಂಬೈಯಲ್ಲಿ ಕಟ್ಟಿದ ಸುಹೈಲಿ ಅನ್ನೋ ತೇಗದ ದೋಣಿಯಲ್ಲಿ. ಕ್ರೋಹರ್ಸ್ಟ್ ದಕ್ಷಿಣ ಅಟ್ಲಾಂಟಿಕ್ ಬಿಟ್ಟು ಮುಂದೆ ಹೋಗಲೇ ಇಲ್ಲ. ಆದರೆ ರೇಡಿಯೋದಲ್ಲಿ ಸುಳ್ಳು ಪ್ರಗತಿ ಕಳಿಸುತ್ತಾ ಹೋದರು. 1969ರ ಜುಲೈ 10ರಂದು ಅವರ ದೋಣಿ ಸಿಕ್ಕಿತು, ಅದರಲ್ಲಿ ಯಾರೂ ಇರಲಿಲ್ಲ. ಸಿಕ್ಕಿದ್ದು ಲಾಗ್‌ಬುಕ್‌ಗಳು. ನಿಜವಾಗಿ ಎಲ್ಲಿದ್ದರು, ಎಲ್ಲಿದ್ದೇನೆ ಅಂತ ಹೇಳಿಕೊಂಡರು, ಎರಡೂ ಜಗತ್ತಿಗೆ ಗೊತ್ತಾಗಿದ್ದು ಅದರಿಂದಲೇ. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟರು. ಈ ಕಥೆಯನ್ನು ಯಾವಾಗ ನೆನೆದರೂ ನನಗೆ ಸಂಕಟ ಆಗುತ್ತದೆ. ಮನೆ ಮೇಲಿನ ಸಾಲ, ಪ್ರಾಯೋಜಕರ ಒತ್ತಡ, ಹಿಂದೆ ಬರೋಕೂ ಆಗದ ಸ್ಥಿತಿ, ಎಲ್ಲ ಇತ್ತು ಅಲ್ಲಿ.

ಟ್ರಿಸ್ಟನ್ ಜೋನ್ಸ್ ಅವರದು ಇನ್ನೊಂದು ಥರ. ನಾವಿಕ, ಅದ್ಭುತ ಕಥೆಗಾರ. ಅವರ ಪುಸ್ತಕ ಓದಿ ದೋಣಿ ಹತ್ತಿದವರು ತುಂಬ ಜನ ಇದ್ದಾರೆ. ಆದರೆ ಅವರು ತೀರಿಕೊಂಡ ಮೇಲೆ ದಾಖಲೆ ತೆಗೆದು ನೋಡಿದಾಗ, ತಾನು ಹಡಗಿನಲ್ಲಿ ಹುಟ್ಟಿದೆ ಅಂದಿದ್ದರಿಂದ ಹಿಡಿದು ಬಹಳಷ್ಟು ವಿಷಯ ತಾಳೆಯಾಗಲಿಲ್ಲ. ಅವರು ನಿಜವಾಗಿ ಮಾಡಿದ ಪ್ರಯಾಣಗಳೇ ಸಾಕಷ್ಟು ದೊಡ್ಡವು. ಈಗ ಅವನ್ನೂ ಜನ ಅನುಮಾನದಿಂದಲೇ ಓದುತ್ತಾರೆ. ಒಂದು ಕಡೆ ಉಪ್ಪುಖಾರ ಹಚ್ಚಿದರೆ ಇಡೀ ಪುಸ್ತಕ ಕೊಡಬೇಕಾದ ಬೆಲೆ ಅದು.

ಅದಕ್ಕೇ ಹೇಳಿದ್ದು, ಲಾಗ್‌ಬುಕ್‌ನಿಂದ ಶುರು ಮಾಡಿ ಅಂತ. ಕಥೆ ಬರೆಯುವ ಮುಂಚೆ ಲಾಗ್ ಪೂರ್ತಿ ಟೈಪ್ ಮಾಡಿ. ಒಂದಕ್ಷರ ತಿದ್ದಬೇಡಿ. ಅಕ್ಷಾಂಶ, ರೇಖಾಂಶ, ದಿಕ್ಕು, ಗಾಳಿ, ಬ್ಯಾರೋಮೀಟರ್, ಯಾವ ಹಾಯಿ ಏರಿಸಿತ್ತು, ಎಲ್ಲ. ಬೇಜಾರಿನ ಕೆಲಸ ನಿಜ, ಆದರೆ ಟೈಪ್ ಮಾಡುವಾಗ ಬೇರೆಲ್ಲೂ ಕಾಣದ್ದು ಕಾಣುತ್ತದೆ. ಎಲ್ಲಿ ಅಕ್ಷರ ದೊಡ್ಡದಾಗಿ ಸೊಟ್ಟಗಾಗಿದೆ, ಎಲ್ಲಿ ಆರು ಗಂಟೆ ಏನೂ ಬರೆದಿಲ್ಲ, ಎಲ್ಲಿ ಒಂದೇ ಗಾಳಿಯ ವೇಗವನ್ನು ಎರಡು ಸಲ ಬರೆದಿದ್ದೀರಿ. ನನ್ನ ಲಾಗ್‌ನಲ್ಲಿ ಒಂದು ರಾತ್ರಿ ಬರೀ 'ಎರಡನೇ ರೀಫ್, ಬ್ಯಾರೋಮೀಟರ್ ಇಳಿತಾ ಇದೆ' ಅಂತಿದೆ (ಹಾಯಿಯನ್ನು ಎರಡನೇ ಸಲ ಚಿಕ್ಕದು ಮಾಡಿದೆ, ಗಾಳಿಯ ಒತ್ತಡ ಇಳಿಯುತ್ತಿದೆ, ಬಿರುಗಾಳಿ ಬರಬಹುದು ಅಂತ ಅರ್ಥ), ಆಮೇಲೆ ಬೆಳಗಿನ ತನಕ ಖಾಲಿ. ನೆನಪಿನಲ್ಲಿ ಅದು ಭಯಂಕರ ರಾತ್ರಿ. ಬೆಳಿಗ್ಗೆ ಬರೆದ ಅಂಕಿ ನೋಡಿದರೆ ಗಾಳಿ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ದಾಟಿರಲಿಲ್ಲ. ಪುಸ್ತಕದಲ್ಲಿ ಎರಡನ್ನೂ ಹಾಗೇ ಬರೆದೆ: ಗಾಳಿ ಇಷ್ಟೇ ಇತ್ತು, ನನಗೆ ಅನ್ನಿಸಿದ್ದು ಹೀಗೆ. ಲಾಗ್ ಹೇಳುವುದು ಬೇರೆ, ನೆನಪು ಹೇಳುವುದು ಬೇರೆ ಆದಾಗ ಒಂದನ್ನು ಅಳಿಸಬೇಡಿ. ಓದುಗರಿಗೆ ಎರಡೂ ಬೇಕು.

ಈ ವಿಷಯದಲ್ಲಿ ನನ್ನ ಗುರು ಜೋಶುವಾ ಸ್ಲೋಕಮ್. 1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟು 1898ರ ಜೂನ್‌ನಲ್ಲಿ ವಾಪಸ್ ಬಂದು, ಒಬ್ಬರೇ ಜಗತ್ತು ಸುತ್ತಿದ ಮೊದಲಿಗರಾದವರು. ಸ್ಪ್ರೇ ಅನ್ನೋ 37 ಅಡಿ ದೋಣಿಯನ್ನು ತಾವೇ ಕೈಯಾರೆ ಮತ್ತೆ ಕಟ್ಟಿ ಹೊರಟಿದ್ದರು. ಅವರ ಪುಸ್ತಕ ಇವತ್ತಿಗೂ ಜೀವಂತ ಇರೋದು ಯಾಕೆ ಅಂತ ನೋಡಿ. ಗಡಿಯಾರದ ಬಗ್ಗೆ ಬರೆಯುತ್ತಾರೆ. ರೇಖಾಂಶ ಲೆಕ್ಕ ಹಾಕೋಕೆ ಒಳ್ಳೆಯ ಕ್ರೋನೋಮೀಟರ್ ಬೇಕು. ಅವರ ಹತ್ತಿರ ಇದ್ದದ್ದನ್ನು ರಿಪೇರಿ ಮಾಡಿಸೋಕೆ 15 ಡಾಲರ್ ಕೇಳಿದರು, ಬಿಟ್ಟರು. ಒಂದೂವರೆ ಡಾಲರ್‌ನ ತಗಡಿನ ಗಡಿಯಾರವನ್ನು, ಮುಖ ಒಡೆದಿದೆ ಅಂತ ಒಂದು ಡಾಲರ್‌ಗೆ ಕೊಟ್ಟರು, ಅದನ್ನೇ ಇಟ್ಟುಕೊಂಡು ಹೊರಟರು. ಇಂಥದ್ದನ್ನು ಯಾರೂ ಸುಮ್ನೆ ಕಟ್ಟಿ ಹೇಳೋಕಾಗಲ್ಲ ಅನ್ನಿಸುತ್ತೆ, ಅಲ್ವಾ? ಹೀಗೆ ನಂಬಿಕೆ ಬಂದ ಮೇಲೆ, ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳನ್ನು ದಾಟಿದ ನಂತರದ ಆ ರಾತ್ರಿಯ ಕಥೆ ಹೇಳುತ್ತಾರೆ. ಹೊಟ್ಟೆನೋವಿನಿಂದ ಕ್ಯಾಬಿನ್ ನೆಲದ ಮೇಲೆ ಬಿದ್ದಿದ್ದಾರೆ, ಹೊರಗೆ ಬಿರುಗಾಳಿ. ತಲೆ ಎತ್ತಿ ನೋಡಿದರೆ ಚುಕ್ಕಾಣಿ ಹಿಡಿದು ಯಾರೋ ಎತ್ತರದ ಮನುಷ್ಯ ನಿಂತಿದ್ದಾನೆ, ತಾನು ಕೊಲಂಬಸ್‌ನ ಪಿಂಟಾ ಹಡಗಿನ ಪೈಲಟ್ ಅನ್ನುತ್ತಾನೆ. ಬೆಳಿಗ್ಗೆ ನೋಡಿದರೆ ದೋಣಿ ಸರಿಯಾದ ದಾರಿಯಲ್ಲೇ ಇದೆ. ಸ್ಲೋಕಮ್ ಕಂಡದ್ದನ್ನು ಕಂಡ ಹಾಗೆ ಬರೆದರು. ಅದರ ಪಕ್ಕದಲ್ಲೇ, ಅದಕ್ಕೆ ಮುಂಚೆ ಪ್ಲಮ್ ಹಣ್ಣು ಮತ್ತು ಬಿಳಿ ಚೀಸ್ ಹೊಟ್ಟೆ ತುಂಬ ತಿಂದಿದ್ದೆ ಅಂತಲೂ ಬರೆದರು. ನಿದ್ದೆಗೆಟ್ಟಾಗ ನಿಮಗೂ ಏನಾದರೂ ಧ್ವನಿ ಕೇಳಿಸಿದ್ದರೆ ಹೀಗೇ ಬರೆಯಿರಿ. ಮುಚ್ಚಿಡಬೇಡಿ, ಪವಾಡವನ್ನೂ ಮಾಡಬೇಡಿ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ದಿಲೀಪ್ ದೋಂಡೆ ಇದ್ದಾರೆ. 2009-10ರಲ್ಲಿ ಒಬ್ಬರೇ ಜಗತ್ತು ಸುತ್ತಿದ ಮೊದಲ ಭಾರತೀಯ, ನಾಲ್ಕು ಬಂದರುಗಳಲ್ಲಿ ನಿಂತು. ಅದರ ಬಗ್ಗೆ ಪುಸ್ತಕವನ್ನೂ ಬರೆದಿದ್ದಾರೆ. ಗೋವಾದಲ್ಲಿ ಕಟ್ಟಿದ ಆ ದೋಣಿಯ ಹೆಸರು ಮಾದೇಯಿ. ನಮ್ಮ ಖಾನಾಪುರದ ಭೀಮಗಡ ಕಾಡಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿಯದೇ ಹೆಸರು ಅದು. ಅದೇ ದೋಣಿಯಲ್ಲಿ 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿ ಬಂದರು. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅವರ ಇನ್ನೊಂದು ದೋಣಿ ತುರಿಯಾ ಬಿರುಗಾಳಿಗೆ ಸಿಕ್ಕಿತು. ಆಗ ಅವರು ಕಳಿಸಿದ ಸಂದೇಶದಲ್ಲಿದ್ದದ್ದು ಕೆಲವೇ ಪದ. ದೋಣಿ ಮಗುಚಿದೆ, ಕೂವೆಮರ (ಹಾಯಿ ಕಟ್ಟುವ ಕಂಬ) ಮುರಿದಿದೆ, ಬೆನ್ನಿಗೆ ಜೋರು ಪೆಟ್ಟು, ಏಳೋಕಾಗಲ್ಲ. ಒಂದೇ ಒಂದು ವಿಶೇಷಣ ಜಾಸ್ತಿ ಇಲ್ಲ. ಕೆಲವು ದಿನಗಳ ನಂತರ ಫ್ರೆಂಚ್ ಹಡಗು ಒಸಿರಿಸ್ ಅವರನ್ನು ಎತ್ತಿಕೊಂಡಿತು. 2022ರ ಗೋಲ್ಡನ್ ಗ್ಲೋಬ್ ರೇಸ್‌ಗೆ ಮತ್ತೆ ಹೋಗಿ ಎರಡನೆಯವರಾಗಿ ಮುಗಿಸಿದರು. ನಿಮ್ಮ ಬಿರುಗಾಳಿಯ ಅಧ್ಯಾಯ ಬರೆಯುವ ಮುಂಚೆ ಆ ನಾಲ್ಕು ಮಾತುಗಳನ್ನು ಇನ್ನೊಮ್ಮೆ ಓದಿ. ಅಪಾಯ ದೊಡ್ಡದಾದಷ್ಟೂ ವಾಕ್ಯ ಚಿಕ್ಕದಿರಲಿ.

ಆದರೆ ಬಿರುಗಾಳಿಗಿಂತ ಕಷ್ಟ ಸಾಮಾನ್ಯ ದಿನ ಬರೆಯುವುದು. ನಿಮ್ಮ ಪ್ರಯಾಣದ ಬಹುಪಾಲು ಅದೇ ತಾನೇ. ವಾಣಿಜ್ಯ ಮಾರುತದಲ್ಲಿ ಗಾಳಿ ಬೆನ್ನ ಹಿಂದೆ, ದೋಣಿ ಹಗಲೂ ರಾತ್ರಿ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಅಲ್ಲಿ ನೀವು ಕೈಯಲ್ಲಿ ಏನು ಮಾಡಿದಿರಿ, ಅದನ್ನು ಬರೆಯಿರಿ. ನಾನು ದಿನಾ ಬೆಳಿಗ್ಗೆ ಡೆಕ್ ಮೇಲೆ ಬಿದ್ದ ಹಾರುಮೀನುಗಳನ್ನು ಹೆಕ್ಕಿ, ಮುಂದಿನ ಹಾಯಿಯ ಹಗ್ಗವನ್ನು ನಾಲ್ಕು ಬೆರಳಷ್ಟು ಸಡಿಲ ಬಿಡುತ್ತಿದ್ದೆ. ಹಗ್ಗ ರಾಟೆಯ ಮೇಲೆ ಒಂದೇ ಜಾಗದಲ್ಲಿ ದಿನಗಟ್ಟಲೆ ಉಜ್ಜಿದರೆ ಎಂಥ ದಪ್ಪ ಹಗ್ಗವಾದರೂ ಸವೆದು ತುಂಡಾಗುತ್ತದೆ. ನಾಲ್ಕು ಬೆರಳು ಬಿಟ್ಟರೆ ಸವೆಯುವ ಜಾಗ ಬದಲಾಗುತ್ತದೆ, ಅಷ್ಟೇ. ಓದುಗರಿಗೆ ತುಂಬ ಇಷ್ಟವಾದ ಪುಟ ಯಾವುದು ಅಂದುಕೊಂಡಿರಿ? ಇದೇ.

ಅಡುಗೆ ಬಿಡಬೇಡಿ. ನಿದ್ದೆ ಬಿಡಬೇಡಿ. ಎಲ್ಲರೂ ಕೇಳೋದು ಅದನ್ನೇ. ಕುಕ್ಕರ್ ಜಾರದ ಹಾಗೆ ತೂಗಾಡುವ ಒಲೆಗೆ ಹೇಗೆ ಬಿಗಿದಿರಿ, ಅನ್ನಕ್ಕೆ ಎಷ್ಟು ಪಾಲು ಸಮುದ್ರದ ನೀರು ಹಾಕಿದಿರಿ, ತೊಗರಿಬೇಳೆ ಯಾವ ಡಬ್ಬಿಯಲ್ಲಿ ಕೆಡದೆ ಉಳಿಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದೆ ಅಂತ ಬರೆದು ಸುಮ್ಮನಾಗಬೇಡಿ, ಯಾಕೆ ಇಪ್ಪತ್ತು ಅಂತ ಹೇಳಿ. ಈಗ ದಿಗಂತದಲ್ಲಿ ಕಾಣದೇ ಇರುವ ಹಡಗು 20 ನಾಟ್ ವೇಗದಲ್ಲಿ ಬಂದರೆ ಅಷ್ಟು ಹೊತ್ತಿಗೆ ನಿಮ್ಮ ಪಕ್ಕದಲ್ಲೇ ಇರಬಹುದು. ಇದು ಗೊತ್ತಾದ ಮೇಲೆ ಓದುಗರೂ ನಿಮ್ಮ ಜೊತೆ ಎದ್ದು ಕೂರುತ್ತಾರೆ. ರೀಫ್, ಜೈಬ್, ವಿಂಡ್‌ವೇನ್‌ನಂಥ ಹಾಯಿದೋಣಿಯ ಪದಗಳಿಗೂ ಅಷ್ಟೇ. ಕೊನೆಯಲ್ಲಿ ಪದಕೋಶ ಕೊಡೋ ಬದಲು ಮೊದಲ ಸಲ ಬಂದಾಗಲೇ ಕೆಲಸವನ್ನು ತೋರಿಸಿ. ಹಾಯಿಯನ್ನು ಒಂದಷ್ಟು ಇಳಿಸಿ, ಇಳಿದ ಭಾಗ ಮಡಿಚಿ ಬೂಮ್ ಅನ್ನೋ ಅಡ್ಡಕಂಬಕ್ಕೆ ಕಟ್ಟಿದೆ ಅಂದರೆ ರೀಫ್ ಏನು ಅಂತ ಯಾರಿಗಾದರೂ ಅರ್ಥವಾಗುತ್ತದೆ.

ಇನ್ನು ಹಂಚಿಕೊಳ್ಳುವ ವಿಚಾರ. ಪುಸ್ತಕ ಪೂರ್ತಿ ಆಗಲಿ ಅಂತ ಕಾಯಬೇಡಿ. ಸ್ಲೋಕಮ್ ಕಥೆ ಕೂಡ ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1900ರಲ್ಲಿ ಪುಸ್ತಕವಾಯಿತು. ನಾನೂ ಕಂತು ಕಂತಾಗಿ ಹಂಚಿಕೊಂಡೆ. ಎರಡನೇ ಕಂತಿನ ಹೊತ್ತಿಗೆ ಪ್ರಶ್ನೆಗಳು ಬರತೊಡಗಿದವು. ಮುಂದಿನ ಅಧ್ಯಾಯಗಳಲ್ಲಿ ಏನಿರಬೇಕು ಅಂತ ತಿಳಿದಿದ್ದೇ ಆ ಪ್ರಶ್ನೆಗಳಿಂದ.

ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ. ಒಬ್ಬರು ಕಡಲನ್ನೇ ನೋಡದವರು, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗೆರೆ ಹಾಕಲಿ. ಇನ್ನೊಬ್ಬರು ಕಡಲಲ್ಲೇ ದುಡಿಯುವವರು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ತದಡಿಯಲ್ಲೋ ವರ್ಷಗಟ್ಟಲೆ ಮೀನಿಗೆ ಹೋದ ಯಾರನ್ನಾದರೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ. ಅಲೆಯ ಅಂತರ, ಗಾಳಿ ತಿರುಗಿದ ಹೊತ್ತು, ಮೋಡದ ಬಣ್ಣ, ಇದರಲ್ಲಿ ಎಲ್ಲಿ ನಿಮ್ಮ ಬರಹ ಸಡಿಲವಾಗಿದೆಯೋ ಅಲ್ಲೇ ಅವರು ತಡೆದು ನಿಲ್ಲಿಸುತ್ತಾರೆ. ಯಾವ ಸಂಪಾದಕರೂ ಮಾಡದ ಕೆಲಸ ಅದು.

ಮನೆಯವರ ಜೊತೆ ಸ್ಯಾಟಲೈಟ್ ಫೋನಿನಲ್ಲಿ ಆಡಿದ ಮಾತುಗಳನ್ನು ಅವರಿಗೆ ತೋರಿಸಿ, ಕೇಳಿಯೇ ಹಾಕಿ. ದಡದಲ್ಲಿ ಕಾಯುತ್ತಿದ್ದವರಿಗೂ ಅವರದೇ ಒಂದು ಕಥೆ ಇರುತ್ತದೆ, ಅವರು ಒಪ್ಪಿದರೆ ಒಂದು ಅಧ್ಯಾಯ ಅವರೇ ಬರೆಯಲಿ. ಪುಸ್ತಕಕ್ಕೆ ನಕ್ಷೆ ಹಾಕಿ, ಪ್ರತಿ ಮಧ್ಯಾಹ್ನದ ಸ್ಥಾನಕ್ಕೂ ಒಂದು ಚುಕ್ಕೆ ಇಡಿ. ಗಾಳಿ ಸತ್ತ ದಿನಗಳಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬೀಳುತ್ತವೆ, ಆ ಬೇಸರವನ್ನು ಮತ್ತೆ ಪುಟಗಟ್ಟಲೆ ವಿವರಿಸೋದೇ ಬೇಡ. ಹಿಂಭಾಗದಲ್ಲಿ ಲಾಗ್‌ನ ಕೆಲವು ಪುಟಗಳನ್ನು ನಿಮ್ಮ ಕೈಬರಹದಲ್ಲೇ ಅಚ್ಚು ಹಾಕಿಸಿ.

ಇವತ್ತೇ ಒಂದು ಕೆಲಸ ಮಾಡಿ. ಉಪ್ಪು ಹಿಡಿದ ಕಾಗದ ನಮ್ಮ ಮಳೆಗಾಲದಲ್ಲಿ ತೇವ ಎಳೆದುಕೊಂಡು ಅಂಟಿಕೊಳ್ಳುತ್ತದೆ. ಲಾಗ್‌ಬುಕ್‌ನ ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಡಿ, ಖಾಲಿ ಪುಟಗಳನ್ನೂ ಸೇರಿಸಿ. ಟೈಪ್ ಮಾಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.