ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆ? ಮತಗಟ್ಟೆಯಲ್ಲಿ ಕೆಲಸ ಮಾಡಿದವನ ಉತ್ತರ

ಸುದ್ದಿಯೊಳಗೆ ಸೇರಿಕೊಂಡ ಸುಳ್ಳನ್ನು ಸಾಮಾನ್ಯ ಓದುಗ ಕಂಡುಹಿಡಿಯುವುದು ಹೇಗೆ, ಅದರಿಂದ ಪ್ರಜಾಪ್ರಭುತ್ವಕ್ಕೆ ಹಾನಿ ಎನ್ನುವುದು ನಿಜವೋ ಬರೀ ಭಾಷಣದ ಮಾತೋ ಎಂದು ಕೇಳಿದ್ದೀರಿ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಚುನಾವಣೆ ಬಂದಾಗ ಮತಗಟ್ಟೆಯ ಕೆಲಸಕ್ಕೆ ಹೋಗುತ್ತೇನೆ, ಪಿಆರ್‌ಒ ಅಂದರೆ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿಯೂ ಕುಳಿತಿದ್ದೇನೆ. ಹಾನಿ ನಿಜ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಪ್ರತಿ ಚುನಾವಣೆಯ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ. ನಿಮಗೂ ಬಂದಿರಬಹುದು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚಿಂತೆ ಬೇಡ, ಆಧಾರ್ ತೋರಿಸಿ 49ಎ ಪ್ರಕಾರ ‘ಚಾಲೆಂಜ್ ಮತ’ ಕೇಳಿ ಹಾಕಿ, ನಿಮ್ಮ ಮತವನ್ನು ಬೇರೆ ಯಾರೋ ಹಾಕಿದ್ದರೆ ‘ಟೆಂಡರ್ ಮತ’ ಕೇಳಿ, ಒಂದು ಮತಗಟ್ಟೆಯಲ್ಲಿ ಶೇ 14ಕ್ಕಿಂತ ಹೆಚ್ಚು ಟೆಂಡರ್ ಮತ ಬಿದ್ದರೆ ಅಲ್ಲಿ ಮರುಮತದಾನ, ಎಲ್ಲರಿಗೂ ತಿಳಿಸಿ. ಸಾರಾಂಶ ಇಷ್ಟು. ಇದು ಸುಳ್ಳೆಂದು ಚುನಾವಣಾ ಆಯೋಗ 2019ರಲ್ಲೂ ಹೇಳಿತು, 2024ರಲ್ಲೂ ಹೇಳಿತು. ಆದರೂ ಓಡಾಟ ನಿಂತಿಲ್ಲ.

ಈ ಸಂದೇಶವನ್ನು ಬಿಡಿಸಿ ನೋಡಿದರೆ ಸುಳ್ಳನ್ನು ಹೆಣೆಯುವ ಬಗೆ ತಿಳಿಯುತ್ತದೆ. ಟೆಂಡರ್ ಮತ ಎನ್ನುವುದು ನಿಜವಾಗಿಯೂ ಇದೆ. 1961ರ ಚುನಾವಣಾ ನಿಯಮಗಳ 49ಪಿ ಅದನ್ನೇ ಹೇಳುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ, ನೀವು ಯಾರೆಂಬುದು ನಮಗೆ ಖಚಿತವಾದ ಮೇಲೆ, ಯಂತ್ರದಲ್ಲಿ ಅಲ್ಲದೆ ಕಾಗದದ ಮತಪತ್ರದಲ್ಲಿ ಮತ ಪಡೆಯುತ್ತೇವೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತೇವೆ, ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಾಲೆಂಜ್ ಕೂಡ ಇದೆ, ಅದು 49ಜೆ. ಆದರೆ ಅದು ಮತದಾರ ಕೇಳಿ ಪಡೆಯುವಂಥದ್ದಲ್ಲ. ಎದುರು ಬಂದವರ ಗುರುತಿನ ಬಗ್ಗೆ ಪೋಲಿಂಗ್ ಏಜೆಂಟರಿಗೆ, ಅಂದರೆ ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವವರಿಗೆ, ಅನುಮಾನ ಬಂದರೆ ಅವರು 2 ರೂಪಾಯಿ ಠೇವಣಿ ಕಟ್ಟಿ ಆಕ್ಷೇಪ ಎತ್ತುತ್ತಾರೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಇದರಿಂದ ಏನೂ ದಕ್ಕುವುದಿಲ್ಲ. ಇನ್ನು 49ಎ ತೆರೆದು ಓದಿದರೆ, ಅದು ಮತಯಂತ್ರದ ವಿನ್ಯಾಸದ ಬಗ್ಗೆ ಇರುವ ನಿಯಮ!

ಶೇ 14ರ ಮಾತನ್ನು ಕಾನೂನು ಪುಸ್ತಕ ತೆರೆಯದೆಯೇ ಪರೀಕ್ಷಿಸಬಹುದು. ಒಂದು ಮತಗಟ್ಟೆಯಲ್ಲಿ 1,000 ಜನ ಮತ ಹಾಕಿದರೆ ಶೇ 14 ಎಂದರೆ 140. ಟೆಂಡರ್ ಮತಕ್ಕೆಂದು ಒಂದು ಮತಗಟ್ಟೆಗೆ ಕೊಟ್ಟು ಕಳಿಸುವ ಮತಪತ್ರಗಳು 20. ಮರುಮತದಾನವನ್ನು ತೀರ್ಮಾನಿಸುವುದು ಆಯೋಗ, ಅದಕ್ಕೆ ತಕ್ಕ ಕಾರಣ ಬೇಕು. 2024ರ ಏಪ್ರಿಲ್ 26ರಂದು ಚಾಮರಾಜನಗರ ಕ್ಷೇತ್ರದ ಇಂಡಿಗನತ್ತದಲ್ಲಿ ಮತಗಟ್ಟೆಯನ್ನೂ ಮತಯಂತ್ರವನ್ನೂ ಧ್ವಂಸ ಮಾಡಿದ್ದರಿಂದ 29ರಂದು ಮರುಮತದಾನ ನಡೆಯಿತು. ಅದು ಅಂಥ ಸಂದರ್ಭಕ್ಕೆ ಇರುವ ಏರ್ಪಾಡು.

ಇದರಿಂದ ನಾನು ಕಲಿತ ವಿಧಾನ ಇದು: ಸಂದೇಶ ಪೂರ್ತಿ ಸುಳ್ಳೇ ಎಂದು ನೋಡಲು ಹೋಗಬೇಡಿ. ಅದರಲ್ಲಿ ಅತ್ಯಂತ ಖಚಿತವಾಗಿ ಕಾಣುವ ಒಂದು ಸಂಗತಿಯನ್ನು, ಅಂದರೆ ಸಂಖ್ಯೆ, ಕಲಂ, ದಿನಾಂಕ ಅಥವಾ ಸ್ಥಳವನ್ನು, ಎತ್ತಿಕೊಂಡು ಅದರ ಮೂಲಕ್ಕೆ ಹೋಗಿ. ನಂಬಿಕೆ ಹುಟ್ಟಿಸಲೆಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆ, ಹೆಚ್ಚಾಗಿ ಎಡವುವುದೂ ಅಲ್ಲೇ. 2016ರ ನವೆಂಬರ್‌ನಲ್ಲಿ 2,000 ರೂಪಾಯಿ ನೋಟಿನೊಳಗೆ ನ್ಯಾನೊ ಚಿಪ್ ಇದೆ ಎಂದು ಟಿವಿ ವಾಹಿನಿಗಳೇ ಗಂಟೆಗಟ್ಟಲೆ ವಿವರಿಸಿದವು. ನೋಟಿನ ಲಕ್ಷಣಗಳನ್ನು ರಿಸರ್ವ್ ಬ್ಯಾಂಕ್ ತನ್ನ ಪ್ರಕಟಣೆಯಲ್ಲಿ ಒಂದೊಂದಾಗಿ ಕೊಟ್ಟಿತ್ತು, ಚಿಪ್ ಅದರಲ್ಲಿ ಇರಲಿಲ್ಲ. ಆ ಒಂದು ಪುಟ ಓದಿದ್ದರೆ ಸಾಕಿತ್ತು.

ಈಗ ಹಾನಿಯ ವಿಷಯ. 2019ರ ಲೋಕಸಭಾ ಚುನಾವಣೆಯಲ್ಲಿ ನಾನಿದ್ದ ಮತಗಟ್ಟೆಗೆ ಮೂವತ್ತರ ಆಸುಪಾಸಿನ ಒಬ್ಬರು ಬಂದರು. ಕೆಲಸ ಬೆಂಗಳೂರಿನಲ್ಲಿ, ಮತ ಹಾಕಲೆಂದೇ ರಾತ್ರಿ ಬಸ್ಸು ಹಿಡಿದು ಊರಿಗೆ ಬಂದವರು. ಪಟ್ಟಿಯಲ್ಲಿ ತಾಯಿಯ ಹೆಸರಿತ್ತು, ತಮ್ಮನ ಹೆಸರಿತ್ತು, ಅವರದಿರಲಿಲ್ಲ. ಮೊಬೈಲ್ ಒಳಗೆ ತರುವಂತಿಲ್ಲವಾದ್ದರಿಂದ ಆ ಸಂದೇಶವನ್ನು ಚೀಟಿಯ ಮೇಲೆ ಬರೆದು ತಂದಿದ್ದರು. ‘49ಎ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು. ನಾನು ಕೈಪಿಡಿ ತೆರೆದು ತೋರಿಸಿದೆ. “ಇದು ಹೊಸ ನಿಯಮ ಸರ್, ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ” ಎಂದರು. ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಬಂದು ಪಟ್ಟಿಯನ್ನು ಮತ್ತೊಮ್ಮೆ ತಿರುವಿ ಹಾಕಿದರು. ಸಾಲು ನಿಂತುಹೋಯಿತು. ಹಿಂದಿನಿಂದ ಯಾರೋ “ಬೇಕೆಂದೇ ತೆಗೆದುಹಾಕಿರುತ್ತಾರೆ” ಎಂದರು. ಅಲ್ಲಿಯವರೆಗೆ ನಗುನಗುತ್ತ ಮಾತಾಡಿಸುತ್ತಿದ್ದ ಜನ ನಮ್ಮ ಮೇಜಿನತ್ತ ನೋಡುವ ರೀತಿಯೇ ಬದಲಾಯಿತು. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಇನ್ನೆಷ್ಟು ಹೊತ್ತು ಎಂದು ಕೇಳಿ, ಸಾಲು ಬಿಟ್ಟು ಹೋದರು.

ಆ ವ್ಯಕ್ತಿಯ ಸಿಟ್ಟು ನ್ಯಾಯವಾದದ್ದು. ಹೆಸರು ಬಿಟ್ಟುಹೋದದ್ದು ದೊಡ್ಡ ಅನ್ಯಾಯವೇ. ಆದರೆ ಆ ಅನ್ಯಾಯವನ್ನು ಸರಿಪಡಿಸಲು ಇದ್ದ ಸಮಯವನ್ನು ನುಂಗಿದ್ದು ಆ ಸಂದೇಶ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅದಕ್ಕೆ ಸಾಕಷ್ಟು ಮೊದಲೇ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿ ಕೊಟ್ಟಿದ್ದರೆ ಅವರು ಮತ ಹಾಕಬಹುದಿತ್ತು. ಪಟ್ಟಿ ನೋಡಬೇಕು ಎಂಬ ಚಿಂತೆ ಹುಟ್ಟಬೇಕಾದ ಹೊತ್ತಿನಲ್ಲಿ ‘ಚಿಂತೆ ಬೇಡ’ ಎಂದು ಹೇಳಿದವರು ಅವರ ಮತವನ್ನೇ ಕಿತ್ತುಕೊಂಡರು. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೆ. ಸುಳ್ಳು ಸುದ್ದಿ ನಂಬಿ ಜನ ತಪ್ಪು ಪಕ್ಷಕ್ಕೆ ಮತ ಹಾಕುತ್ತಾರೆ ಎಂದೇ ಎಲ್ಲರೂ ಹೇಳುತ್ತಾರೆ. ಮತವೇ ಇಲ್ಲದಂತಾಗುವುದು, ಅದರ ಮೇಲೆ ಮತಗಟ್ಟೆಯನ್ನೇ ನಂಬದಂತಾಗುವುದು ಅದಕ್ಕಿಂತ ಆಳದ ಪೆಟ್ಟು.

ಸೋತವರು ಎಣಿಕೆಯನ್ನು ಒಪ್ಪಿಕೊಂಡು ಮನೆಗೆ ಹೋಗುತ್ತಾರೆ ಎಂಬ ಒಂದೇ ಭರವಸೆಯ ಮೇಲೆ ಚುನಾವಣೆ ನಿಂತಿದೆ. ಆ ಭರವಸೆಗಾಗಿ ಎಷ್ಟು ಕೆಲಸ ನಡೆಯುತ್ತದೆ ಎಂಬುದು ಹೊರಗಿನವರಿಗೆ ಕಾಣಿಸುವುದಿಲ್ಲ. ಮತದಾನಕ್ಕೆ ಮೊದಲು ಏಜೆಂಟರ ಎದುರಿನಲ್ಲೇ ಕನಿಷ್ಠ 50 ಮತಗಳ ಅಣಕು ಮತದಾನ ಮಾಡಿ, ಲೆಕ್ಕ ತಾಳೆ ನೋಡಿ, ಅಳಿಸಿ ತೋರಿಸುತ್ತೇವೆ. ಸಂಜೆ ಮುಗಿದಾಗ ಒಟ್ಟು ಎಷ್ಟು ಮತ ಬಿತ್ತೆಂದು ನಮೂನೆ 17ಸಿಯಲ್ಲಿ ಬರೆದು, ಅದರ ಪ್ರತಿಯನ್ನು ಹಾಜರಿರುವ ಎಲ್ಲ ಪಕ್ಷಗಳ ಏಜೆಂಟರ ಕೈಗೆ ಕೊಡುತ್ತೇವೆ. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಅವರು ಆ ಕಾಗದದ ಜೊತೆ ಹೋಲಿಸಿ ನೋಡಬಹುದು. ಚುನಾವಣಾ ವ್ಯವಸ್ಥೆಯನ್ನು ಪ್ರಶ್ನಿಸಲೇಬೇಕು, ಆ ಕಾಗದ ಇರುವುದೇ ಅದಕ್ಕೆ. ಕಾಗದ ನೋಡದೆ ಅನುಮಾನ ಹಂಚುವುದು ಬೇರೆ.

ಪ್ರಾಣವೇ ಹೋದ ಪ್ರಸಂಗವೂ ನಮ್ಮ ರಾಜ್ಯದಲ್ಲಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಊರೂರು ಸುತ್ತಿತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸಂಸ್ಥೆಯೊಂದು ಪೋಷಕರನ್ನು ಎಚ್ಚರಿಸಲು ಮಾಡಿದ ಚಿತ್ರ. ಮಗುವನ್ನು ಮರಳಿ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದ್ದರು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್‌ನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಹತ್ತಿರದ ಇನ್ನೊಂದು ಊರಿನಲ್ಲಿ ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅಲ್ಲಿಂದ ತಪ್ಪಿಸಿಕೊಂಡು ಹೊರಟ ಅವರ ಕಾರು ಬರುವುದಕ್ಕೆ ಮೊದಲೇ ವಾಟ್ಸ್‌ಆ್ಯಪ್ ಸುದ್ದಿ ಮುರ್ಕಿ ತಲುಪಿ, ಜನ ರಸ್ತೆಗೆ ಅಡ್ಡ ಹಾಕಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. ಆದ್ದರಿಂದ ವಿಡಿಯೊ ಬಂದಾಗ ಯಾವ ಊರು, ಯಾವ ದಿನ, ಮುಂದೇನಾಯಿತು ಎಂದು ಕೇಳಿ. ಅದರೊಳಗೆ ಇದಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ನನ್ನ ವಿದ್ಯಾರ್ಥಿಗಳಲ್ಲಿ ಕಾಣುವ ಇನ್ನೊಂದು ಅಪಾಯವನ್ನೂ ಹೇಳಬೇಕು. ಎರಡು ಸಲ ಮೋಸಹೋದವರು “ಎಲ್ಲರೂ ಸುಳ್ಳೇ ಹೇಳುತ್ತಾರೆ” ಎಂದು ಕೈಚೆಲ್ಲುತ್ತಾರೆ. ಸುಳ್ಳು ಹಂಚುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ನಾನು ಅವರಿಗೆ ತಪ್ಪಾದಾಗ ತಿದ್ದುಪಡಿ ಪ್ರಕಟಿಸುವ, ವರದಿಗಾರರ ಹೆಸರು ಹಾಕುವ, ದಾಖಲೆ ಯಾವುದೆಂದು ಹೇಳುವ ಪತ್ರಿಕೆಯನ್ನು ಓದಿ ಎನ್ನುತ್ತೇನೆ. ತಪ್ಪೇ ಮಾಡದ ಪತ್ರಿಕೆ ಯಾವುದೂ ಇಲ್ಲ, ತಿದ್ದಿಕೊಳ್ಳುವ ಪತ್ರಿಕೆಗಳು ಇವೆ.

ಮನೆಯ ಗುಂಪಿನಲ್ಲಿ ದೊಡ್ಡಪ್ಪನೋ ಸೋದರತ್ತೆಯೋ ಇಂಥದ್ದನ್ನು ಕಳಿಸಿದರೆ ಎಲ್ಲರೆದುರು ‘ಇದು ಸುಳ್ಳು’ ಎಂದು ಬರೆಯಬೇಡಿ. ಮಾನಕ್ಕೆ ಬಿದ್ದು ಅದನ್ನೇ ಸಮರ್ಥಿಸುತ್ತಾರೆ. ಫೋನ್ ಮಾಡಿ ಮಾತಾಡಿ, ಅವರಿಂದಲೇ ಅಳಿಸಿಸಿ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಬಹುದು, ಆಯೋಗದ ಜಾಲತಾಣದಲ್ಲಿಯೂ ನೋಡಬಹುದು. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ನಿಮ್ಮದನ್ನೂ ಅವರದನ್ನೂ ಈ ವಾರವೇ ನೋಡಿಬಿಡಿ.